ಪೆಪ್ಪರ್ ಸ್ಪ್ರೇ ಹಾಗಿರಲಿ, ಮೊದಲು ನಿಮ್ಮ ಸಿಮ್ ಕಾರ್ಡಿನ ವಿಚಾರ ನೋಡಿ

ಮುಂಬೈನ ಬೈಕುಲ್ಲಾದಲ್ಲಿ ರಾತ್ರಿ 11ರವರೆಗೆ ಪಾಳಿ, ಡೊಂಬಿವಲಿಯಲ್ಲಿ ಬಾಡಿಗೆ ಕೋಣೆ. ದಾರಿಯಲ್ಲಿ ಯಾವ ಯಾವ ಸ್ಟೇಷನ್ ಅಪಾಯ, ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಲೇ ಎಂದು ಕೇಳಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಓದಿ ನಗು ಬಂತು. ಕುಂದಾಪುರದಿಂದ ಬಂದ ಹೊಸದರಲ್ಲಿ ನಾನೂ ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಕೇಳುತ್ತಿದ್ದೆ. ಆಗ ಫೋರ್ಟ್‌ನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದೆ. ಶಟರ್ ಎಳೆದು, ಲೆಕ್ಕ ಒಪ್ಪಿಸಿ ಸಿಎಸ್‌ಎಂಟಿ ಸ್ಟೇಷನ್ ಮುಟ್ಟುವಾಗ ಹನ್ನೊಂದೂವರೆ. ಯಾವ ಗಲ್ಲಿ ಕೆಟ್ಟದ್ದು, ಯಾವ ಸೇತುವೆ ಹತ್ತಬಾರದು ಎಂದು ಅಡುಗೆ ಭಟ್ಟರಿಂದ ಹಿಡಿದು ಹಾಲಿನವನವರೆಗೆ ಎಲ್ಲರನ್ನೂ ವಿಚಾರಿಸಿ ತಲೆಯಲ್ಲಿ ಒಂದು ನಕ್ಷೆಯನ್ನೇ ಮಾಡಿಟ್ಟುಕೊಂಡಿದ್ದೆ. ಆ ನಕ್ಷೆಯಿಂದ ನನಗೆ ಕಾಸಿನ ಪ್ರಯೋಜನವಾಗಲಿಲ್ಲ, ಏಕೆಂದರೆ ನನಗೆ ಏಟು ಬಿದ್ದದ್ದು ಯಾವ ಗಲ್ಲಿಯಲ್ಲೂ ಅಲ್ಲ, ಓಡುವ ಲೋಕಲ್‌ನ ಬಾಗಿಲಲ್ಲಿ.

ಅಕ್ಟೋಬರ್ ತಿಂಗಳ ಸೆಕೆ. ಕೂರಲು ಜಾಗವಿದ್ದರೂ ಗಾಳಿಗೆಂದು ಬಾಗಿಲ ನಡುಗಂಬಕ್ಕೆ ಬೆನ್ನು ಕೊಟ್ಟು ನಿಂತು ಮೊಬೈಲ್‌ನಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಥಾಣೆ ಸ್ಟೇಷನ್ ದಾಟಿದ ಮೇಲೆ ಸಿಗ್ನಲ್ ಸಿಗದೆ ಗಾಡಿ ನಿಧಾನವಾಯಿತು. ಹಳಿಯ ಪಕ್ಕದ ಕಂಬದ ಮರೆಯಲ್ಲಿ ಯಾರೋ ನಿಂತಿದ್ದ. ಅವನ ಮುಖವೂ ನನಗೆ ಕಾಣಲಿಲ್ಲ, ಕೈಯಲ್ಲಿದ್ದ ಕೋಲೂ ಕಾಣಲಿಲ್ಲ. ಮಣಿಕಟ್ಟಿನ ಮೇಲೆ ಕಾದ ಎಣ್ಣೆ ಸಿಡಿದಂತಾಯಿತು, ಅಷ್ಟೇ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಜಲ್ಲಿಕಲ್ಲಿನ ಮೇಲೆ ಬಿದ್ದ ಫೋನಿನ ಬೆಳಕು ಒಂದು ಕ್ಷಣ ಕಂಡಿತು, ಅದನ್ನು ಎತ್ತಿಕೊಂಡ ಕೈಯೂ ಕಂಡಿತು. ಗಾಡಿ ಮುಂದೆ ಹೋಯಿತು. ಮುಂಬೈನಲ್ಲಿ ಇವರನ್ನು ಫಟ್ಕಾ ಗ್ಯಾಂಗ್ ಎನ್ನುತ್ತಾರೆ. ಏಟಿಗೆ ಸಮತೋಲ ತಪ್ಪಿ ಬಿದ್ದವರು, ಫೋನಿನ ಹಿಂದೆಯೇ ಹಾರಿದವರು ಕೈಕಾಲು ಕಳೆದುಕೊಂಡ ಸುದ್ದಿ ಇಲ್ಲಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ನನ್ನನ್ನು ಹಾರದಂತೆ ಅಂಗಿ ಹಿಡಿದು ಎಳೆದವನು ಕಾರ್ಕಳದ ಕಡೆಯ ಒಬ್ಬ ವೇಟರ್ ಹುಡುಗ. "ಅಣ್ಣಾ, ಹೋದದ್ದು ಹೋಯಿತು, ಒಳಗೆ ಬನ್ನಿ" ಎಂದ.

ಇಲ್ಲಿಯವರೆಗಿನದು ಯಾರಿಗೆ ಬೇಕಾದರೂ ಆಗಬಹುದಿತ್ತು. ಮುಂದಿನದು ಶುದ್ಧ ನನ್ನ ಮೂರ್ಖತನ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಆ ಹುಡುಗನ ಫೋನಿನಿಂದ ನನ್ನ ನಂಬರಿಗೆ ಕರೆ ಮಾಡಿದೆ. ರಿಂಗ್ ಆಯಿತು. ಅದು ರಿಂಗ್ ಆದದ್ದೇ ತಪ್ಪಾಯಿತು ನೋಡಿ. ಸ್ವಿಚ್ ಆಫ್ ಎಂದು ಬಂದಿದ್ದರೆ ಆಸೆ ಬಿಟ್ಟು ಮಾಡಬೇಕಾದದ್ದನ್ನು ಮಾಡುತ್ತಿದ್ದೆನೋ ಏನೋ. ರಿಂಗ್ ಆಗುತ್ತಿದೆ ಎಂದರೆ ಕದ್ದವನು ಹೆದರಿ ಎಸೆದಿರಬೇಕು, ಹಳಿ ರಿಪೇರಿಯ ಯಾರೋ ರೈಲ್ವೆ ಕೆಲಸಗಾರ ಎತ್ತಿಕೊಂಡು ಉತ್ತರಿಸುತ್ತಾನೆ, ಸಾವಿರ ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದರಾಯಿತು ಎಂದೆಲ್ಲ ಲೆಕ್ಕ ಹಾಕಿದೆ. ಹುಡುಗ ಸಿಮ್ ಬಂದ್ ಮಾಡಿಸಿ ಎಂದ. ನಾನು, ಬಂದ್ ಮಾಡಿಸಿದರೆ ಸಿಕ್ಕಿದವನು ನನಗೆ ತಿಳಿಸುವುದು ಹೇಗೆ ಎಂದು ಅವನಿಗೇ ಬುದ್ಧಿ ಹೇಳಿದೆ. ಡೊಂಬಿವಲಿಯಲ್ಲಿ ಇಳಿದು ರೈಲ್ವೆ ಪೊಲೀಸರಿಗೆ ದೂರು ಬರೆದುಕೊಟ್ಟೆ, ಮನೆಗೆ ಹೋಗಿ ಹೆಂಡತಿಯ ಫೋನಿನಿಂದ ಮತ್ತೆ ಮತ್ತೆ ಕರೆ ಮಾಡಿದೆ. ಬೆಳಗಿನವರೆಗೂ ನನ್ನ ನಂಬರ್ ಜೀವಂತವಾಗಿತ್ತು.

ಫೋನ್ ಕೈತಪ್ಪಿದಾಗ ಪರದೆ ತೆರೆದೇ ಇತ್ತು, ಕ್ರಿಕೆಟ್ ನೋಡುತ್ತಿದ್ದೆನಲ್ಲ. ಲಾಕ್ ಮುರಿಯುವ ಕಷ್ಟವೇ ಅವರಿಗೆ ಬೀಳಲಿಲ್ಲ. ವಾಟ್ಸಾಪ್‌ನಲ್ಲಿ ಭಾವನಿಗೆ ಕಳಿಸಿದ್ದ ನನ್ನ ಡೆಬಿಟ್ ಕಾರ್ಡಿನ ಚಿತ್ರ ಇತ್ತು. ಊರಿಗೆ ಹೋಗುವ ರೈಲು ಟಿಕೆಟ್ ಬುಕ್ ಮಾಡಲೆಂದು ಮುಂಭಾಗ, ಹಿಂಭಾಗ ಎರಡನ್ನೂ ಕಳಿಸಿದ್ದೆ. ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಹಿಂದಿರುವ ಮೂರಂಕಿಯ ಸಿವಿವಿ, ಎಲ್ಲವೂ ಅದರಲ್ಲಿತ್ತು. ಆನ್‌ಲೈನ್ ಖರೀದಿಗೆ ಇನ್ನು ಬೇಕಾದದ್ದು ಒಟಿಪಿ ಮಾತ್ರ, ಅದು ಬರುವುದು ನನ್ನ ಸಿಮ್‌ಗೆ, ಸಿಮ್ ಇರುವುದು ಅವರ ಕೈಯಲ್ಲಿ. ನಾನು ರಿಂಗ್ ಮಾಡುತ್ತ ಕೂತಿದ್ದ ಅದೇ ಹೊತ್ತಿನಲ್ಲಿ ಅವರು ಗಿಫ್ಟ್ ವೋಚರ್ ಮೇಲೆ ಗಿಫ್ಟ್ ವೋಚರ್ ಕೊಳ್ಳುತ್ತಿದ್ದರು. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಮುದ್ರಿಸಿದಾಗ ಅರವತ್ತು ಸಾವಿರ ಚಿಲ್ಲರೆ ಹೋಗಿತ್ತು. ಫೋನಿನ ಬೆಲೆ ಹದಿನಾಲ್ಕು ಸಾವಿರ.

ಬ್ಯಾಂಕಿನವರು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನೇ ಮುಂದಿಟ್ಟರು. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಹಣ ಹೋದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ತಟ್ಟುವುದಿಲ್ಲ. ಗ್ರಾಹಕನದೇ ಅಲಕ್ಷ್ಯವಾದರೆ, ಬ್ಯಾಂಕಿಗೆ ತಿಳಿಸುವವರೆಗೆ ಆದ ನಷ್ಟ ಅವನದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಕಾರ್ಡಿನ ಎರಡೂ ಬದಿಯ ಚಿತ್ರ ಕಳಿಸಿದವನು ಅಲಕ್ಷ್ಯವಲ್ಲ ಎಂದು ಯಾವ ಬಾಯಿಂದ ವಾದಿಸಲಿ? ರಾತ್ರಿಯೇ ತಿಳಿಸಿದ್ದರೆ ಹೆಚ್ಚಿನ ಪಾಲು ಉಳಿಯುತ್ತಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಪಾಯದ ಸ್ಟೇಷನ್‌ಗಳ ಪಟ್ಟಿ ಕೊಟ್ಟರೆ ನೀವು ಆ ಸ್ಟೇಷನ್‌ಗಳಲ್ಲಿ ಮಾತ್ರ ಎಚ್ಚರವಾಗಿರುತ್ತೀರಿ, ಉಳಿದ ಕಡೆ ಬಾಗಿಲಲ್ಲಿ ನಿಂತು ಕ್ರಿಕೆಟ್ ನೋಡುತ್ತೀರಿ. ಪೆಪ್ಪರ್ ಸ್ಪ್ರೇಯಂತೂ ಲೋಕಲ್ ಬೋಗಿಯಲ್ಲಿ ಒತ್ತಿ ನೋಡಿ, ತಲೆಯ ಮೇಲಿನ ಫ್ಯಾನು ಅದನ್ನು ನಿಮ್ಮ ಕಣ್ಣಿಗೇ ತಂದು ಹಾಕುತ್ತದೆ. ಮುಂಬೈನ ರಾತ್ರಿ ಹನ್ನೊಂದೂವರೆ ನಿಮ್ಮೂರಿನ ಹನ್ನೊಂದೂವರೆಯಂತೆ ನಿರ್ಜನವೂ ಅಲ್ಲ. ಹೋಟೆಲಿನವರು, ನರ್ಸ್‌ಗಳು, ವಾಚ್‌ಮನ್‌ಗಳು, ಕೋರ್ಸ್ ಮುಗಿಸಿದ ಹುಡುಗರು, ಎಲ್ಲರೂ ಅದೇ ಗಾಡಿಗಳಲ್ಲಿ ಮನೆಗೆ ಹೋಗುವವರು. ಅವರು ಇರುವ ಬೋಗಿ ಹತ್ತಿ. ಪಾಸ್ ಇದೆ ಎಂದು ರಾತ್ರಿ ಖಾಲಿ ಫಸ್ಟ್ ಕ್ಲಾಸ್‌ನಲ್ಲಿ ಒಬ್ಬರೇ ಕೂರುವ ಶ್ರೀಮಂತಿಕೆ ಬೇಡ. ನೀವು ಹೆಣ್ಣುಮಗಳಾಗಿದ್ದರೆ, ರಾತ್ರಿ ಹೊತ್ತು ಮಹಿಳಾ ಬೋಗಿಗೆ ಪೊಲೀಸ್ ಪೇದೆಯನ್ನು ನೇಮಿಸುತ್ತಾರೆ. ಆದರೆ ಎಲ್ಲ ಮಹಿಳಾ ಬೋಗಿಗಳೂ 24 ಗಂಟೆ ಮೀಸಲಲ್ಲ, ಕೆಲವು ರಾತ್ರಿ ಎಲ್ಲರಿಗೂ ತೆರೆದಿರುತ್ತವೆ. ಬೋಗಿಯ ಮೇಲೆ ಬರೆದಿರುವುದನ್ನು ಓದಿ ಹತ್ತಿ.

ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ, ಕೈಯಲ್ಲಿ ಫೋನ್ ಇರಲಿ ಬಿಡಲಿ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಲ್ಲಿ ಜೋತಾಡುತ್ತಿದ್ದವರು ಬಿದ್ದು ಸತ್ತದ್ದಕ್ಕೆ ಯಾವ ಕಳ್ಳನೂ ಬೇಕಾಗಿರಲಿಲ್ಲ.

ಸ್ಟೇಷನ್ನಿನಿಂದ ಮನೆಗೆ ಆಟೋ ಹಿಡಿಯುವಾಗಿನ ಜಗಳಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಂಬೈನಲ್ಲಿ ರಾತ್ರಿ 12ರಿಂದ ಬೆಳಗಿನ 5ರವರೆಗೆ ಮೀಟರ್ ಮೇಲೆ ಶೇಕಡಾ 25 ಹೆಚ್ಚು ಕೇಳುವುದು ನಿಯಮವೇ, ಸುಲಿಗೆ ಅಲ್ಲ.

ಇನ್ನು ಫೋನ್ ಹೋದರೆ ಮಾಡಬೇಕಾದದ್ದು. ಪಕ್ಕದವರಲ್ಲಿ ಯಾರ ಬಳಿ ನಿಮ್ಮದೇ ಕಂಪನಿಯ ಸಿಮ್ ಇದೆ ಎಂದು ಕೇಳಿ, ಅವರ ಫೋನಿನಿಂದ ಕಂಪನಿಯ ದೂರಿನ ನಂಬರ್ 198ಕ್ಕೆ ಕರೆ ಮಾಡಿ. ಹೆಸರು, ಹುಟ್ಟಿದ ದಿನ, ಕೊನೆಯ ರೀಚಾರ್ಜ್ ಇತ್ಯಾದಿ ಕೇಳುತ್ತಾರೆ, ಸಿಮ್ ನಿಲ್ಲಿಸುತ್ತಾರೆ. ನಿಮ್ಮ ನಂಬರಿಗೆ ರಿಂಗ್ ಮಾಡಿ ನೋಡುವ ಆಸೆ ಬರುತ್ತದೆ, ಮಾಡಬೇಡಿ. ಆಮೇಲೆ ಬ್ಯಾಂಕ್. ಹಣ ಹೋಗಿದೆ ಎಂದು ತಿಳಿದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಹಣ ಇನ್ನೂ ಯಾರದ್ದೋ ಖಾತೆಯಲ್ಲಿ ಇದ್ದರೆ ತಡೆಹಿಡಿಯುವ ವ್ಯವಸ್ಥೆ ಅವರಲ್ಲಿದೆ, ತಡವಾದಷ್ಟೂ ಅದು ಕೈತಪ್ಪುತ್ತದೆ. ಪೊಲೀಸ್ ದೂರು ಇವೆಲ್ಲದರ ನಂತರ. ಗಾಡಿಯಲ್ಲೇ ನೆರವು ಬೇಕಾದರೆ ರೈಲ್ವೆ ಸಹಾಯವಾಣಿ 139. ಘಟನೆ ಯಾವ ಪೊಲೀಸ್ ಠಾಣೆಯ ಗಡಿಯಲ್ಲಿ ಆಯಿತು ಎಂಬ ಚಿಂತೆ ಬೇಡ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಅಪರಾಧ ಕಾನೂನುಗಳಲ್ಲಿ ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದು. ಕಿತ್ತುಕೊಂಡು ಓಡುವುದನ್ನು ಅವುಗಳಲ್ಲಿ ಪ್ರತ್ಯೇಕ ಅಪರಾಧವನ್ನಾಗಿಯೇ ಸೇರಿಸಿದ್ದಾರೆ. ದೂರಿನ ಪ್ರತಿ ಸಿಕ್ಕ ಮೇಲೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಕೊಟ್ಟು ಫೋನನ್ನೇ ಬ್ಲಾಕ್ ಮಾಡಿಸಿ. ಹೊಸ ಸಿಮ್ ಬಂದ ಕೆಲವು ದಿನಕ್ಕೆ "ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ" ಎಂಬ ಸಂದೇಶ ಬರುತ್ತದೆ. ನನಗೂ ಬಂತು. ಅದು ಕಳ್ಳರದೇ, ನಿಮ್ಮ ಪಾಸ್‌ವರ್ಡಿಗಾಗಿ.

ಇಂದು ರಾತ್ರಿಯೇ ಮಾಡಬಹುದಾದ ಕೆಲಸ: ಗ್ಯಾಲರಿ ಮತ್ತು ವಾಟ್ಸಾಪ್‌ನಿಂದ ಕಾರ್ಡು, ಆಧಾರ್, ಪ್ಯಾನ್ ಚಿತ್ರಗಳನ್ನು ಅಳಿಸಿ. *#06# ಒತ್ತಿ ಬರುವ ಐಎಂಇಐಯನ್ನು ಕಾಗದದಲ್ಲಿ ಬರೆದು ರೈಲ್ವೆ ಪಾಸಿನ ಜೊತೆ ಇಡಿ, ಅದರಲ್ಲೇ ಬ್ಯಾಂಕಿನ ಸಹಾಯವಾಣಿ ಮತ್ತು ಮನೆಯವರೊಬ್ಬರ ನಂಬರೂ ಇರಲಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಕಳವು ರಕ್ಷಣೆಯ ಆಯ್ಕೆ ಹುಡುಕಿ ಚಾಲೂ ಮಾಡಿ, ಕಿತ್ತುಕೊಂಡು ಓಡಿದ್ದು ಗೊತ್ತಾದರೆ ಪರದೆ ತಾನೇ ಮುಚ್ಚಿಕೊಳ್ಳುತ್ತದೆ. ಸಿಮ್‌ಗೂ ಪಿನ್ ಹಾಕಿ, ಆಗ ಅದನ್ನು ಬೇರೆ ಫೋನಿಗೆ ಹಾಕಿದರೆ ತೆರೆಯುವುದಿಲ್ಲ. ಆದರೆ ಅದಕ್ಕೆ ಮೊದಲು ಕಂಪನಿಯವರು ಕೊಟ್ಟಿರುವ ಮೂಲ ಪಿನ್ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಮೂರು ಸಲ ತಪ್ಪಿದರೆ ಸಿಮ್ ಪಿಯುಕೆ ಕೇಳುತ್ತದೆ, ಅಂದರೆ ಬೀಗ ತೆಗೆಯಲು ಕಂಪನಿಯವರೇ ಕೊಡಬೇಕಾದ ಅಂಕಿ. ನನ್ನ ಸೋದರಳಿಯ ಅಂದಾಜಿಗೆ ಅಂಕಿ ಒತ್ತಿ ಒತ್ತಿ, ಭಾನುವಾರವಿಡೀ ಸಿಮ್ ಅಂಗಡಿಯ ಬಾಗಿಲು ಕಾದ.