ಮಣ್ಣು ಬೇಡವೆಂದ ಮೇಲೆ ಕುಂಡಕ್ಕೆ ತುಂಬುವುದೇನು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಹಳೇ ಮನೆ. ತಾರಸಿಗೆ ಭಾರ ಜಾಸ್ತಿ ಆಗಬಾರದು ಅಂತ ಮಣ್ಣು ಬಿಟ್ಟು, ಪೋಷಕ ದ್ರಾವಣ ಕೊಟ್ಟು ಟೊಮೆಟೊ, ಮೆಣಸಿನಕಾಯಿ ಬೆಳೆಯುವ ಯೋಚನೆ ಇದೆ. ಪೈಪ್‌ನಲ್ಲಿ ಸೊಪ್ಪನ್ನೂ ಬೆಳೆಯಬೇಕು. ವಿಡಿಯೊಗಳಲ್ಲಿ ರಾಕ್‌ವೂಲ್, ಪೀಟ್ ಮಾಸ್ ಅಂತಾರೆ. ಅಂಗಡಿಯವರು ಕೋಕೋಪೀಟ್, ಪರ್ಲೈಟ್ ಕೊಡ್ತಾರೆ. ಪರಿಸರಕ್ಕೆ ಯಾವುದು ವಾಸಿ?

ಉತ್ತರ: ಎರಡೇ ಎರಡು ವಿಷಯ ನೋಡಿ. ಅದು ಎಲ್ಲಿಂದ ಬಂತು, ಮತ್ತು ಬೆಳೆ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ.

ಪೀಟ್ ಮಾಸ್ ನಮಗೆ ಬೇಡವೇ ಬೇಡ. ಅದು ಅರೆಬರೆ ಕೊಳೆತ ಪಾಚಿ, ಕೆನಡಾ, ಬಾಲ್ಟಿಕ್ ದೇಶಗಳ ಜೌಗು ನೆಲದಿಂದ ಅಗೆದು ತರುತ್ತಾರೆ. ಆ ನೆಲದಲ್ಲಿ ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಅಗೆದರೆ ಸಾವಿರಾರು ವರ್ಷ ಅಲ್ಲಿ ಕೂಡಿಟ್ಟಿದ್ದ ಇಂಗಾಲ ಗಾಳಿಗೆ ಸೇರುತ್ತದೆ. ರಾಕ್‌ವೂಲ್ ಅಂದರೆ ಕಲ್ಲಿನ ಎಳೆಗಳ ಉಣ್ಣೆ, ಅದನ್ನು ಮಾಡಲು ಕಲ್ಲನ್ನು 1500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಬೇಕು. ಬಳಸಿದ ಮೇಲೆ ಅದು ಕೊಳೆಯುವುದಿಲ್ಲ, ಕಸದ ಗುಡ್ಡೆಗೇ ಹೋಗುತ್ತದೆ. ಪರ್ಲೈಟ್ ಕೂಡ ಕುಲುಮೆಯಲ್ಲಿ ಕಾಯಿಸಿ ಉಬ್ಬಿಸಿದ ಕಲ್ಲು. ಆದರೆ ತೊಳೆದು ಎಷ್ಟೋ ಬೆಳೆಗೆ ಬಳಸಬಹುದು, ಹಾಗಾಗಿ ಮನೆಯಲ್ಲಿ ಈಗಾಗಲೇ ಇದ್ದರೆ ಎಸೆಯಬೇಡಿ. ಹೊಸದಾಗಿ ಕೊಳ್ಳುವ ಅಗತ್ಯವಿಲ್ಲ.

ನಿಮಗೆ ಕೋಕೋಪೀಟೇ ಸರಿ. ತೆಂಗಿನ ಸಿಪ್ಪೆಯಿಂದ ನಾರು ತೆಗೆದಾಗ ಉಳಿಯುವ ಪುಡಿ ಅದು. ತುಮಕೂರು, ಹಾಸನದ ಕಡೆ ತೆಂಗಿಗೆ ಬರವೇನಿಲ್ಲವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುದುಗಿಸಿದ ಕೋಕೋಪೀಟನ್ನೂ, ಕೋಕೋಪೀಟ್‌ನಲ್ಲಿ ತರಕಾರಿ ಬೆಳೆಯಲೆಂದೇ 'ಅರ್ಕಾ ಸಸ್ಯ ಪೋಷಕ ರಸ' ಎಂಬ ದ್ರಾವಣವನ್ನೂ ರೂಪಿಸಿದೆ.

ಆದರೆ ನೀವು ಭಾರದ ಮಾತೆತ್ತಿದ್ದೀರಿ, ಅದನ್ನು ಬಿಡಿಸಿ ಹೇಳಲೇಬೇಕು. ಕೋಕೋಪೀಟನ್ನು ಒತ್ತಿ ಇಟ್ಟಿಗೆಯಂತೆ ಮಾಡಿ ಮಾರುತ್ತಾರೆ, 5 ಕಿಲೋದ ಒಂದು ಇಟ್ಟಿಗೆ ನೆನೆದು ಉಬ್ಬಿದರೆ ಸುಮಾರು 70 ಲೀಟರ್ ಆಗುತ್ತದೆ. ಒಣಗಿದ್ದಾಗ ಹಗುರ ನಿಜ, ಆದರೆ ಕೋಕೋಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಕುಂಡಗಳ ಲೆಕ್ಕವನ್ನು ಒದ್ದೆ ತೂಕದಲ್ಲೇ ಹಾಕಿ. ಭಾರವಿರುವ ಕುಂಡಗಳನ್ನು ತಾರಸಿಯ ನಡುವೆ ಇಡದೆ, ಕೆಳಗೆ ಗೋಡೆ ಇರುವ ಅಂಚಿನಲ್ಲಿ ಇಡಿ.

ಪರ್ಲೈಟ್ ಬದಲು ಭತ್ತದ ಹೊಟ್ಟು ಸೇರಿಸಿ. ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಸಾಕು. ಬೇರಿಗೆ ಗಾಳಿ ಸಿಗುತ್ತದೆ, ಕುಂಡವೂ ಹಗುರವಾಗುತ್ತದೆ. ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಗಂಗಾವತಿ, ಮಂಡ್ಯದ ಕಡೆಯ ಅಕ್ಕಿ ಗಿರಣಿಗಳಲ್ಲಿ ಬೇಕಾದಷ್ಟು ಬೀಳುತ್ತದೆ. ಮೊದಲು ಕುದಿಯುವ ನೀರು ಸುರಿದು ಆರಿಸಿ, ಇಲ್ಲದಿದ್ದರೆ ಉಳಿದ ಭತ್ತದ ಕಾಳು ಕುಂಡದಲ್ಲೇ ಮೊಳೆಯುತ್ತದೆ. ಸುಟ್ಟ ಹೊಟ್ಟು ಬೇರೆ ವಿಷಯ. ಅದರ ಬೂದಿಯಲ್ಲಿ ಕ್ಷಾರ ಜಾಸ್ತಿ, ಚೆನ್ನಾಗಿ ತೊಳೆಯದೆ ಹಾಕಬೇಡಿ.

ಪೈಪ್‌ನ ಸೊಪ್ಪಿಗೆ ಬೇರೂರಲು ಇಂಥ ವಸ್ತು ಬೇಕಾಗುವುದು ಸಸಿ ಏಳುವ ತನಕ ಮಾತ್ರ. ಸ್ಪಂಜ್ ಚೌಕಗಳನ್ನು ಮಾರುತ್ತಾರೆ, ಅದು ಪ್ಲಾಸ್ಟಿಕ್. ಚಿಕ್ಕ ಬಲೆಕಪ್ಪಿನಲ್ಲಿ ಕೋಕೋಪೀಟ್ ತುಂಬಿ, ಸುತ್ತ ತೆಂಗಿನ ನಾರು ಒತ್ತಿ ಸಸಿ ಎಬ್ಬಿಸಿ. ಪುಡಿ ಪಂಪಿಗೆ ಹೋಗದಂತೆ, ದ್ರಾವಣ ವಾಪಸ್ ಬೀಳುವ ತೊಟ್ಟಿಯ ಬಾಯಿಗೆ ಹಳೇ ಹತ್ತಿ ಬಟ್ಟೆ ಕಟ್ಟಿ.

ಪ್ರಶ್ನೆ: ಬರೀ ಕೋಕೋಪೀಟ್‌ನಲ್ಲಿ ಟೊಮೆಟೊ ಹಾಕಿದ್ದೇನೆ. ಎಲೆಯ ಅಂಚು ಸುಟ್ಟಂತಿದೆ, ಕಾಯಿಯ ಕೆಳಗೆ ಕಪ್ಪು ಮಚ್ಚೆ. ಬೆಳೆ ಮುಗಿದ ಮೇಲೆ ಇದನ್ನು ಬಿಸಾಡಬೇಕಾ?

ಉತ್ತರ: ಬಿಸಾಡಬೇಡಿ. ಹೆಚ್ಚಾಗಿ ಇದು ತೊಳೆಯದ ಕೋಕೋಪೀಟ್‌ನ ತೊಂದರೆ. ಉಪ್ಪುನೀರಿನಲ್ಲಿ ನೆನೆಸಿದ ಸಿಪ್ಪೆಯದ್ದಾದರೆ ಸೋಡಿಯಂ ತುಂಬಿರುತ್ತದೆ. ಅದಿಲ್ಲದಿದ್ದರೂ ಪೊಟ್ಯಾಶಿಯಂ ಜಾಸ್ತಿ. ಇವು ಕೋಕೋಪೀಟ್‌ಗೆ ಅಂಟಿಕೊಂಡಿರುತ್ತವೆ, ನೀವು ಹಾಕಿದ ಕ್ಯಾಲ್ಸಿಯಂ ಇವನ್ನು ತಳ್ಳಿ ಆ ಜಾಗದಲ್ಲಿ ಕೂರುತ್ತದೆ, ಕಾಯಿಗೆ ಸಿಗುವುದಿಲ್ಲ. ಅದಕ್ಕೇ ಕಪ್ಪು ಮಚ್ಚೆ. ಒಂದು ದಿನ ಒಣಗಿಸಿ ಮರುದಿನ ಸುರಿದರೂ ಹೀಗಾಗುತ್ತದೆ, ನೀರು ಒಂದೇ ಹದದಲ್ಲಿರಲಿ.

ಈಗಿನ ಗಿಡಕ್ಕೆ ಬರೀ ನೀರು ಹಾಕಿ, ಕುಂಡದ ತಳದಿಂದ ಧಾರಾಳವಾಗಿ ಬಸಿಯಲು ಬಿಡಿ. ಆಮೇಲೆ ಕ್ಯಾಲ್ಸಿಯಂ ಇರುವ ಪೋಷಕ ದ್ರಾವಣ ಕೊಡಿ. ಮಚ್ಚೆ ಬಿದ್ದ ಕಾಯಿ ಸರಿಯಾಗದು, ಕಿತ್ತುಹಾಕಿ.

ಮುಂದಿನ ಬೆಳೆಗೆ ಬೇರಿನ ಗಂಟು ಆರಿಸಿ ತೆಗೆದು, ನೆನೆಸಿ, ಬಸಿದು, ಮತ್ತೆ ನೆನೆಸಿ. ಬಸಿದ ನೀರಿನ ಇ.ಸಿ. (ವಿದ್ಯುತ್ ವಾಹಕತೆ, ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) ನಲ್ಲಿ ನೀರಿನ ಇ.ಸಿ. ಹತ್ತಿರಕ್ಕೆ ಬರುವ ತನಕ ಹೀಗೇ ಮಾಡಿ. ಮೀಟರ್ ಇಲ್ಲದಿದ್ದರೆ ನೀರಿನ ಕಂದು ಬಣ್ಣ ತಿಳಿಯಾಗುವ ತನಕವಾದರೂ ಮಾಡಿ. ಕೊನೆಗೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು ಮತ್ತೊಮ್ಮೆ ತೊಳೆಯಿರಿ. ಈ ಕೆಲಸಕ್ಕೆ ನೀರು ಖರ್ಚಾಗುತ್ತದೆ ಎನ್ನುವುದು ಕೋಕೋಪೀಟ್‌ನ ದೊಡ್ಡ ಕೊರತೆ. ಮಳೆಗಾಲದಲ್ಲಿ ಮಳೆನೀರಿಗೇ ಒಡ್ಡಿ ತೊಳೆದಿಟ್ಟುಕೊಂಡರೆ ಒಳ್ಳೆಯದು. ಹಿತ್ತಲಲ್ಲಿ ತೆಂಗಿನ ಮರವಿದ್ದರೆ ಮೊದಲು ಬಸಿದ ನೀರನ್ನು ಅದರ ಬುಡಕ್ಕೆ ಬಿಡಿ, ತೆಂಗು ಉಪ್ಪನ್ನು ತಡೆದುಕೊಳ್ಳುತ್ತದೆ.

ಎರಡು ಮೂರು ಬೆಳೆಯ ನಂತರ ಕೋಕೋಪೀಟ್ ನುಣ್ಣಗಾಗಿ ಗಾಳಿಯಾಡುವುದು ನಿಲ್ಲುತ್ತದೆ. ಆಗ ಸಗಣಿ ಅಥವಾ ಹಸಿರು ಸೊಪ್ಪಿನ ಜೊತೆ ಗೊಬ್ಬರದ ಗುಂಡಿಗೆ ಹಾಕಿ. ಒಂದನ್ನೇ ಹಾಕಿದರೆ ವರ್ಷವಾದರೂ ಹಾಗೇ ಇರುತ್ತದೆ.