ನೀರು ನೋಡಿ ಪೊರೆ ಹಾಕಿ

ಕುಡಿಯುವ ನೀರಿನ ಮೆಂಬ್ರೇನ್, ಅಂದರೆ ಫಿಲ್ಟರ್ ಒಳಗಿನ ಪೊರೆ, ಅದರ ಬಗ್ಗೆ ಕೇಳಿ ಅಂದಿದ್ದೆ. ಕಡೂರಿನಿಂದ ಸಕಲೇಶಪುರದವರೆಗೆ ಪತ್ರಗಳು ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ, ಲೀಟರಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) 1200 ಇದೆ. ಆರ್‌ಒ (ಒತ್ತಡ ಹಾಕಿ ನೀರನ್ನು ಪೊರೆ ದಾಟಿಸಿ ಉಪ್ಪು ತೆಗೆಯುವ ಫಿಲ್ಟರ್) ಹಾಕಿಸಿದ ಮೇಲೆ ಒಂದು ಬಿಂದಿಗೆ ಒಳ್ಳೆ ನೀರಿಗೆ ಮೂರು ಬಿಂದಿಗೆ ಮೋರಿಗೆ ಹೋಗುತ್ತಿದೆ. ಹೊಟ್ಟೆ ಉರಿಯುತ್ತದೆ. ಆ ಪೈಪನ್ನು ಸ್ವಲ್ಪ ಬಿಗಿ ಮಾಡಿದರೆ ಆಗುವುದಿಲ್ಲವೇ? (ಕಡೂರು ತಾಲ್ಲೂಕು)

ಮಾಡಬೇಡಿ. ಮೂರು ತಿಂಗಳಲ್ಲಿ ಮೆಂಬ್ರೇನ್ ಬದಲಿಸುವ ಖರ್ಚು ಬರುತ್ತದೆ, ಅದಕ್ಕೂ ಹೊಟ್ಟೆ ಉರಿಯುತ್ತದೆ.

ಪೊರೆ ಉಪ್ಪನ್ನು ಸುಟ್ಟುಹಾಕುವುದಿಲ್ಲ, ಬರೀ ಒಂದು ಕಡೆ ತಡೆದು ನಿಲ್ಲಿಸುತ್ತದೆ ಅಷ್ಟೆ. ನಾಲ್ಕು ಬಿಂದಿಗೆ ಒಳಗೆ ಹೋಗಿ ಒಂದು ಮಾತ್ರ ಶುದ್ಧವಾಗಿ ಬಂದರೆ ಉಳಿದ ಮೂರರ ಟಿಡಿಎಸ್ ಸುಮಾರು 1550 ಆಗುತ್ತದೆ, ಅದು ಪೊರೆಯನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಅದೇ ನಾಲ್ಕರಲ್ಲಿ ಮೂರು ಬಿಂದಿಗೆ ನಮಗೇ ಬೇಕು ಅಂತ ಹಿಂಡಿದರೆ ಉಳಿದ ಒಂದೇ ಬಿಂದಿಗೆಯೊಳಗೆ ನಾಲ್ಕರ ಉಪ್ಪೂ ಸೇರಿ 4400ರ ಹತ್ತಿರ ಹೋಗುತ್ತದೆ. ಅಷ್ಟು ಮಂದವಾದಾಗ ಸುಣ್ಣ ಪೊರೆಯ ಮೇಲೇ ಕೂರುತ್ತದೆ.

ನಮ್ಮ ಮನೆಯ ಹಳೇ ಮೆಂಬ್ರೇನನ್ನು ಒಮ್ಮೆ ಗರಗಸದಲ್ಲಿ ಸೀಳಿ ನೋಡಿದ್ದೆ. ಸುರುಳಿ ಸುತ್ತಿದ ಚಾಪೆ ಥರ ಇರುತ್ತದೆ, ಬಿಚ್ಚಿದರೆ ಹಾಳೆ, ಬಲೆ, ಮತ್ತೆ ಹಾಳೆ. ಬಲೆಯ ಕಣ್ಣುಗಳಲ್ಲೆಲ್ಲ ರಂಗೋಲಿ ಪುಡಿ ಉದುರಿಸಿದ ಹಾಗೆ ಬಿಳಿ ತರಿ. ಎರಡು ಹನಿ ನಿಂಬೆರಸ ಬಿಟ್ಟೆ, ಬುಸ್ ಅಂತ ನೊರೆ ಬಂತು. ಸುಣ್ಣವೇ.

ದೊಡ್ಡ ಘಟಕಗಳಲ್ಲಿ ಸುಣ್ಣ ಕೂರದಂತೆ ಔಷಧಿ ಬೆರೆಸಿ, ಒಂದು ಪೊರೆಯಿಂದ ಬಿಟ್ಟ ನೀರನ್ನು ಇನ್ನೊಂದಕ್ಕೆ ಕೊಟ್ಟು, ನೂರಕ್ಕೆ 75ರವರೆಗೂ ಒಳ್ಳೆ ನೀರು ತೆಗೆಯುತ್ತಾರೆ. ಆದರೆ ಆ ಗಟ್ಟಿ ಉಪ್ಪುನೀರು ಎಲ್ಲಿಗೆ ಹೋಗುತ್ತಿದೆ? ನಿಮ್ಮ ಊರಿನ ನೀರಿನ ಘಟಕದ ಹಿಂದೆ ಹೋಗಿ ಒಮ್ಮೆ ಬಗ್ಗಿ ನೋಡಿ. ಬೋರ್‌ವೆಲ್ ಪಕ್ಕದ ಗುಂಡಿಗೇ ಬಿಡುತ್ತಿದ್ದರೆ ಅದೇ ಉಪ್ಪನ್ನು ಮತ್ತೆ ಮೇಲಕ್ಕೆತ್ತಿ ಕುಡಿಯುತ್ತಿದ್ದೀರಿ. ಪಂಚಾಯ್ತಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು, ಬಿಲ್ಲೆ ಹಾಕಿದರೆ ನೀರು ಬರುತ್ತಿದೆಯಾ ಅನ್ನುವುದು ಆಮೇಲೆ.

ಮನೆಯ ಮೂರು ಬಿಂದಿಗೆಯನ್ನು ಬಕೆಟ್‌ಗೆ ಹಿಡಿದು ನೆಲ ಒರೆಸಿ, ಶೌಚಾಲಯಕ್ಕೆ ಸುರಿಯಿರಿ. ಕರಿಬೇವಿನ ಗಿಡಕ್ಕೆ ದಿನಾ ಹಾಕಬೇಡಿ, ಮಣ್ಣು ಸವಳಾಗುತ್ತದೆ.

ಪ್ರಶ್ನೆ: ಆರ್‌ಒ ಮಾರಲು ಮನೆಗೆ ಬಂದ ಹುಡುಗ ನಮ್ಮ ಅಬ್ಬಿ ನೀರಿಗೆ (ಗುಡ್ಡದಿಂದ ಹರಿದು ಬರುವ ಒರತೆ ನೀರು) ಎರಡು ಕಡ್ಡಿ ಇಟ್ಟು ಕರೆಂಟ್ ಕೊಟ್ಟ. ನೀರು ಚಹಾ ಬಣ್ಣಕ್ಕೆ ತಿರುಗಿತು. ಅವನ ಆರ್‌ಒ ನೀರು ತಿರುಗಲಿಲ್ಲ. ನಾವು ಇಷ್ಟು ವರ್ಷ ವಿಷ ಕುಡಿದೆವಾ? (ಮೂಡಿಗೆರೆ)

ಇಲ್ಲ. ಕಂದು ಬಣ್ಣ ನೀರಿನದಲ್ಲ, ಕಡ್ಡಿಯದು. ಕಬ್ಬಿಣದ ಕಡ್ಡಿ ಕರೆಂಟಿಗೆ ಕರಗಿ ತುಕ್ಕಾಗುತ್ತದೆ. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ. ಆ ಆರ್‌ಒ ನೀರಿಗೇ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡು ಅಂತ ಹೇಳಿ ನೋಡಿ.

ಇದೇ ಆಟಕ್ಕೆ ನಮ್ಮ ಅಮ್ಮನೂ ಬಿದ್ದಿದ್ದರು. ಟಿಡಿಎಸ್ 60 ಇದ್ದ ನೀರಿಗೆ ಆರ್‌ಒ! ಡಿಕಾಕ್ಷನ್ ಸಪ್ಪೆಯಾಯಿತು ಅಂತ ಗೊಣಗುತ್ತಾ ಆರು ತಿಂಗಳು ಕುಡಿದರು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು.

ಮಲೆನಾಡಿನ ನೀರಿಗಿರುವ ತೊಂದರೆ ಉಪ್ಪಲ್ಲ. ಮಳೆಗಾಲದ ಕೆಂಪು ಮಣ್ಣು, ಜೊತೆಗೆ ಮೇಲೆ ದನ ಇಳಿದರೆ ಬರುವ ರೋಗಾಣು. ಅದಕ್ಕೆ ಯುಎಫ್, ಅಂದರೆ ಅಲ್ಟ್ರಾ ಫಿಲ್ಟರ್ ಪೊರೆ ಸಾಕು. ಒಳಗೆ ಟೊಳ್ಳು ಶಾವಿಗೆ ಕಟ್ಟಿನ ಹಾಗೆ ನಳಿಗೆಗಳಿರುತ್ತವೆ, ರಂಧ್ರ ಮೈಕ್ರಾನಿನ ನೂರನೇ ಒಂದು ಭಾಗದ ಆಸುಪಾಸು. ಬ್ಯಾಕ್ಟೀರಿಯಾ ದಾಟುವುದಿಲ್ಲ, ಖನಿಜ ದಾಟಿ ಬರುತ್ತದೆ. ಕರೆಂಟೂ ಬೇಡ. ತೊಟ್ಟಿ ಮನೆಗಿಂತ ಹತ್ತು ಮೀಟರ್ ಮೇಲಿದ್ದರೆ ಒಂದು ಬಾರ್ ಒತ್ತಡ ಸಿಗುತ್ತದೆ, ಅಷ್ಟರಲ್ಲೇ ನಡೆಯುತ್ತದೆ. ನಿಮ್ಮಲ್ಲಿ ಗುಡ್ಡಕ್ಕೇನು ಬರ, ಅಲ್ವಾ? ಮುಂದೆ ಒಂದು ಮರಳಿನ ಫಿಲ್ಟರ್ ಇರಲಿ, ಮಳೆಗಾಲದಲ್ಲಿ ಜಾಸ್ತಿ ಸಲ ಹಿಂದಿನಿಂದ ನೀರು ಬಿಟ್ಟು ತೊಳೆಯಿರಿ.

ಪ್ರಶ್ನೆ: ನಮ್ಮ ಕೊಳವೆಬಾವಿಯಲ್ಲಿ ಫ್ಲೋರೈಡ್ ಇದೆ ಅಂತಾರೆ. ಚೆನ್ನಾಗಿ ಕುದಿಸಿ ಕುಡಿದರೆ ಸಾಲದೇ? (ಅರಸೀಕೆರೆ)

ಕುದಿಸಿದರೆ ಇನ್ನೂ ಜಾಸ್ತಿ ಆಗುತ್ತದೆ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಮೇಲೆ ಹೇಳಿದ ಯುಎಫ್ ಕೂಡ ನಿಮಗೆ ಕೆಲಸಕ್ಕೆ ಬಾರದು, ಫ್ಲೋರೈಡ್ ಅದರಲ್ಲಿ ಸಲೀಸಾಗಿ ದಾಟುತ್ತದೆ. ಟಿಡಿಎಸ್ ಮೀಟರನ್ನೂ ನಂಬಬೇಡಿ, ಅದು ಎಷ್ಟು ಉಪ್ಪು ಅನ್ನುತ್ತದೆಯೇ ಹೊರತು ಯಾವ ಉಪ್ಪು ಅನ್ನುವುದಿಲ್ಲ. ಒಂದು ಬಾಟಲಿ ನೀರನ್ನು ಜಿಲ್ಲಾ ಕೇಂದ್ರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ನೋಡಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5. ಮೀರಿದ್ದರೆ ಆರ್‌ಒ ಬೇಕು, ಇಲ್ಲವೇ ಫ್ಲೋರೈಡ್ ಹೀರಿಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಹರಳಿನ ಫಿಲ್ಟರ್. ಆರ್‌ಒ ಮೋರಿಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ, ಹಸುವಿನ ಬಾನಿಗೆ ಸುರಿಯಬೇಡಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಹೊಸದು ಮಾಡಲು ಏನಾದರೂ ಉಳಿದಿದೆಯೇ? (ಹಾಸನ)

ಬೇಕಾದಷ್ಟಿದೆ. ಉಪ್ಪುನೀರಿಗೆ ಕೆಲಸಕ್ಕೆ ಬರುವ ಪೊರೆಯನ್ನು ಮೊದಲು ಮಾಡಿದ್ದು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ, ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಪೊರೆ ದಪ್ಪಗಿದ್ದರೆ ನೀರು ತೊಟ್ಟಿಕ್ಕುತ್ತಿತ್ತು, ತೆಳ್ಳಗಿದ್ದರೆ ಒತ್ತಡಕ್ಕೆ ಪೊರೆಯೇ ಚಿಂದಿಯಾಗುತ್ತಿತ್ತು. ಮೇಲೆ ಮಾತ್ರ ಕೆನೆಯಂಥ ತೆಳು ಪದರ, ಕೆಳಗೆ ಸ್ಪಂಜಿನಂಥ ಆಸರೆ, ಇದು ಅವರ ಉಪಾಯ. 1965ರಲ್ಲಿ ಕೊಲಿಂಗಾ ಅನ್ನುವ ಊರಿಗೆ ಇದರಿಂದ ಕುಡಿಯುವ ನೀರು ಕೊಟ್ಟರು. ಆಮೇಲೆ ಪಾಲಿಅಮೈಡ್ ಅನ್ನುವ ಪ್ಲಾಸ್ಟಿಕ್ ಪೊರೆ ಬಂತು, ಇವತ್ತಿಗೂ ಮನೆಮನೆಯಲ್ಲಿರುವುದು ಅದೇ. ಅದಕ್ಕೆ ಕ್ಲೋರಿನ್ ಆಗಿಬರುವುದಿಲ್ಲ. ರೋಗಾಣು ಕೊಲ್ಲಲು ನಲ್ಲಿ ನೀರಿಗೆ ಹಾಕುವ ಕ್ಲೋರಿನ್ನೇ ಪೊರೆಯನ್ನೂ ತಿನ್ನುತ್ತದೆ, ಅದಕ್ಕೇ ಮುಂದೆ ಕಾರ್ಬನ್, ಅಂದರೆ ಇದ್ದಿಲಿನ ಫಿಲ್ಟರ್ ಇಡುವುದು. ಕಾರ್ಬನ್ ಕ್ಲೋರಿನ್ ತೆಗೆದ ಮೇಲೆ ಪೊರೆಯ ಮೇಲೆ ಲೋಳೆ ಬೆಳೆಯುತ್ತದೆ. ಕ್ಲೋರಿನ್ ತಡೆಯುವ, ಲೋಳೆ ಅಂಟದ ಪೊರೆ ಮಾಡಿಕೊಟ್ಟರೆ ನಿಮಗೆ ಕೈಮುಗಿಯುತ್ತೇನೆ.

ನಮ್ಮ ಜೀವಕೋಶಗಳಲ್ಲಿ ನೀರಿಗೆಂದೇ ಅಕ್ವಾಪೊರಿನ್ ಅನ್ನುವ ಬಾಗಿಲಿದೆ, ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಅದನ್ನು ಪೊರೆಗೆ ಕೂರಿಸುವ ಕೆಲಸ ನಡೆದಿದೆ, ಗ್ರಾಫೀನ್ ಆಕ್ಸೈಡ್ ಅನ್ನುವ ಇಂಗಾಲದ ತೆಳು ಪದರಗಳ ಕೆಲಸವೂ ನಡೆದಿದೆ. ನನಗೆ ಇದಕ್ಕಿಂತ ಆಸೆ ಇರುವುದು ಬೇಕಾದ್ದನ್ನು ಬಿಟ್ಟು ಬೇಡದ್ದನ್ನಷ್ಟೇ ಹಿಡಿಯುವ ಪೊರೆಗಳ ಮೇಲೆ. ಅರಸೀಕೆರೆಯ ನೀರಿನಿಂದ ಫ್ಲೋರೈಡ್ ಮಾತ್ರ ತೆಗೆದು ಕ್ಯಾಲ್ಸಿಯಂ ಬಿಟ್ಟರೆ ಮೂರು ಬಿಂದಿಗೆ ಚೆಲ್ಲುವ ಪ್ರಮೇಯವೇ ಇರುವುದಿಲ್ಲ. ಆರ್‌ಒಗಿಂತ ಸ್ವಲ್ಪ ಸಡಿಲ ಪೊರೆಯ ನ್ಯಾನೋ ಫಿಲ್ಟರ್ ಆ ದಾರಿಯಲ್ಲಿ ಅರ್ಧ ಹಾದಿ ಬಂದಿದೆ, ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಸಾದಾ ಉಪ್ಪನ್ನು ಸ್ವಲ್ಪ ಬಿಡುತ್ತದೆ, ಕಡಿಮೆ ಒತ್ತಡದಲ್ಲೇ ನಡೆಯುತ್ತದೆ. ದುರದೃಷ್ಟಕ್ಕೆ ಅದು ಹಿಡಿಯುವ ಕ್ಯಾಲ್ಸಿಯಂ ನಮಗೆ ಬೇಕಾದ್ದು.

ಪ್ರಶ್ನೆ: ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರನ್ನು ಮೆಂಬ್ರೇನ್‌ನಲ್ಲಿ ಹಾಯಿಸಿ ಹಳ್ಳಕ್ಕೆ ಬಿಡಬಹುದೇ? (ಸಕಲೇಶಪುರ)

ನೇರವಾಗಿ ಹಾಯಿಸಿದರೆ ಕಾಫಿ ಹಣ್ಣಿನ ಲೋಳೆ ಒಂದೇ ದಿನದಲ್ಲಿ ಪೊರೆ ಮುಚ್ಚಿಬಿಡುತ್ತದೆ. ಆ ನೀರು ಹುಳಿ ಕೂಡ. ಮೊದಲು ಸುಣ್ಣ ಹಾಕಿ ಹುಳಿ ಮುರಿಯಿರಿ, ಹೊಂಡದಲ್ಲಿ ತಿಳಿಗೊಳಿಸಿ, ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ ಗ್ಯಾಸ್ ತೆಗೆಯಿರಿ. ಪೊರೆಯ ಮಾತು ಅದಾದ ಮೇಲೆ. ಪಲ್ಪರ್‌ಗೆ ಅದೇ ನೀರನ್ನು ತಿರುಗಿಸಿ ಬಳಸಿದರೆ ಹೊರಗೆ ಬಿಡುವುದೇ ಎಷ್ಟೋ ಕಡಿಮೆಯಾಗುತ್ತದೆ. ಹಳ್ಳಕ್ಕಂತೂ ಬೇಡ. ನಿಮ್ಮ ಹಳ್ಳ ಹೇಮಾವತಿಗೆ ಸೇರುತ್ತದೆ, ಮೇಲಿನ ಪ್ರಶ್ನೆ ಕೇಳಿದ ಹಾಸನದ ಹುಡುಗ ಕುಡಿಯುವುದು ಅದನ್ನೇ.