ಗಂಡನನ್ನು ಬಿಟ್ಟು ನಿಮ್ಮನ್ನೇ ಸೊಳ್ಳೆ ಕಚ್ಚುವುದು ಯಾಕೆ?

ಮಂಗಳೂರಿನ ಕದ್ರಿಯ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದರೂ ನಿಮಗೆ ಮಾತ್ರ ಸೊಳ್ಳೆ ಕಚ್ಚುತ್ತದೆ, ಯಾಕೆ ಎಂದು ಕೇಳಿದ್ದೀರಿ. ಕಾರಣ ಹೆಚ್ಚಾಗಿ ಚರ್ಮದ ವಾಸನೆ. ರಕ್ತ ಸಿಹಿ ಅನ್ನುವುದೆಲ್ಲ ಸುಳ್ಳು. ಸೊಳ್ಳೆ ನಮ್ಮ ಉಸಿರಿನ ಜಾಡು ಹಿಡಿದು ಬರುತ್ತದೆ, ಹತ್ತಿರ ಬಂದ ಮೇಲೆ ಮೈಬಿಸಿ, ವಾಸನೆ ನೋಡುತ್ತದೆ. ಚರ್ಮದ ಜಿಡ್ಡಿನಲ್ಲಿ ಕೆಲವು ಆಮ್ಲಗಳು ಜಾಸ್ತಿ ಇರುವವರ ಕಡೆಗೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚು ಹೋಗುತ್ತದೆ ಎಂದು 2022ರ ಒಂದು ಅಧ್ಯಯನ ತೋರಿಸಿದೆ. ಇದು ಸೋಪಿನಿಂದ ಹೋಗುವಂಥದ್ದಲ್ಲ. ನಿಮ್ಮವರಿಗೂ ಕಚ್ಚುತ್ತಿದ್ದು, ಗುಳ್ಳೆ ಮಾತ್ರ ಏಳದೆ ಇರಬಹುದು. ರಕ್ತದ ಗುಂಪಿನ ಬಗ್ಗೆ ಅಧ್ಯಯನಗಳೇ ಒಂದಕ್ಕೊಂದು ಹೊಂದುವುದಿಲ್ಲ, ಬಿಡಿ.

ಮೊದಲು ಯಾವಾಗ ಕಚ್ಚುತ್ತದೆ ನೋಡಿ. ಹಗಲಲ್ಲಿ ಕಾಲಿಗೆ ಅಂದರೆ ಬಹುಶಃ ಈಡಿಸ್. ನೀರು ನಿಂತಿರುವ ಜಾಗ ಹುಡುಕಿ: ಹೂಕುಂಡದ ತಟ್ಟೆ, ಅಂಗಳದ ಗೆರಟೆ, ಅಡಿಕೆ ಹಾಳೆ. ನನ್ನ ತಂಗಿಯ ಮನೆಯಲ್ಲಿ ಸಿಕ್ಕಿದ್ದು ಫ್ರಿಜ್ ಹಿಂದಿನ ಟ್ರೇಯಲ್ಲಿ, ಸಣ್ಣ ಹುಳಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ವಾರಕ್ಕೊಮ್ಮೆ ಚೆಲ್ಲಿ, ಒಳಬದಿ ಚೆನ್ನಾಗಿ ಉಜ್ಜಿ. ಮೊಟ್ಟೆ ಅಂಟಿಕೊಂಡಿರುತ್ತದೆ.

ರಾತ್ರಿ ಕಚ್ಚುವುದಾದರೆ ಟೆರೇಸಿನ ಟ್ಯಾಂಕ್ ನೋಡಿ. ಮಂಗಳೂರಿನ ಮಲೇರಿಯಾ ಸೊಳ್ಳೆ ಟ್ಯಾಂಕ್, ಬಾವಿಯ ಶುದ್ಧ ನೀರಿನಲ್ಲೇ ಬೆಳೆಯುತ್ತದೆ. ಮುಚ್ಚಳ ಬಿಗಿ ಮಾಡಿಸಿ, ಪೈಪ್ ಬಾಯಿಗೆ ಜಾಲರಿ ಕಟ್ಟಿಸಿ.

ಇವತ್ತಿಗೆ, ಫ್ಯಾನ್ ಕಾಲಿನ ಕಡೆ ತಿರುಗಿಸಿ, ತಿಳಿಬಣ್ಣದ ಉದ್ದ ಬಟ್ಟೆ ಹಾಕಿ, ಸೊಳ್ಳೆ ಪರದೆ ಕಟ್ಟಿ. ಗರ್ಭಿಣಿಯಾಗಿದ್ದರೆ ಸೊಳ್ಳೆ ಇನ್ನೂ ಜಾಸ್ತಿ ಬರುತ್ತದೆ, ಪರದೆ ತಪ್ಪಿಸಲೇಬೇಡಿ. ಜ್ವರ ಬಂದರೆ ಸುಮ್ನೆ ಮಾತ್ರೆ ನುಂಗದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.